ಟೆಲಿಕಾಂ ಒಪ್ಪಂದ ಬಂದರೆ ಕಡೂರಿನ ಲೋಕಲ್ ಚಾನೆಲ್‌ಗೆ ಏನಾಗುತ್ತದೆ?

ಪ್ರಶ್ನೆ: ಕಡೂರು ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕೇಬಲ್ ಜಾಲವಿದೆ, ಎಂಎಸ್‌ಒ (ಚಾನೆಲ್‌ಗಳ ಸಂಕೇತ ಪಡೆದು ಕೇಬಲ್ಲಿಗೆ ಹರಿಸುವ ಸಂಸ್ಥೆ) ನೋಂದಣಿಯೂ ಇದೆ. ವೀರಗಾಸೆ, ಊರ ಜಾತ್ರೆ, ಹರಿಕಥೆ, ಶಾಲೆಗಳ ವಾರ್ಷಿಕೋತ್ಸವ ತೋರಿಸುವ ಲೋಕಲ್ ಚಾನೆಲ್ ನಡೆಸುತ್ತೇವೆ. ಬ್ರಿಟನ್ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ‘ಟೆಲಿಕಾಂ ಅಧ್ಯಾಯ’ ಇದೆಯೆಂದು ಓದಿದೆವು. ನಾಳೆ ವಿದೇಶಿ ಕಂಪನಿಯೊಂದು ಬಂದು, ಲೋಕಲ್ ಚಾನೆಲ್‌ಗೆ ಕೊಡುವ ಅವಕಾಶ ನಮಗೂ ಕೊಡಿ, ಕನ್ನಡಕ್ಕೆ ಕೊಡುವ ಸಹಾಯಧನ ನಮಗೂ ಕೊಡಿ ಎಂದರೆ ಸರ್ಕಾರ ಒಪ್ಪಲೇಬೇಕೆ? ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿಗೆ ಸೇರಿದ ಹಾಗೆ ಇಂಥದ್ದಕ್ಕೂ ಏನಾದರೂ ರಕ್ಷಣೆ ಇದೆಯೆ? ಕಾಳುಮೆಣಸಿನಲ್ಲಿ ಆದದ್ದನ್ನು ಕಂಡವರಿಗೆ ಭಯವಾಗುತ್ತದೆ. ಸಂಘದಿಂದ ಮನವಿ ಕೊಡಬೇಕೆಂದಿದ್ದೇವೆ. ಏನು ಬರೆಯಬೇಕು, ಯಾರಿಗೆ ಕೊಡಬೇಕು?

ಉತ್ತರ: ಕೇಬಲ್ಲಿನಲ್ಲಿ ಹೋಗುವ ನಿಮ್ಮ ಚಾನೆಲ್‌ಗೆ ಇಂಥ ಒಪ್ಪಂದಗಳಿಂದ ಸದ್ಯಕ್ಕೆ ಧಕ್ಕೆಯಿಲ್ಲ. ಆದರೆ ಅದೇ ವೀರಗಾಸೆಯ ವಿಡಿಯೊವನ್ನು ನೀವು ಒಂದು ಆ್ಯಪ್ ಮಾಡಿ ಮೊಬೈಲಿಗೆ ಕೊಟ್ಟಿರೋ, ವ್ಯಾಪಾರ ಕಾನೂನಿನ ಕಣ್ಣಿಗೆ ಅದು ಬೇರೆಯೇ ವಸ್ತುವಾಗಿಬಿಡಬಹುದು. ಅಪಾಯ ಇರುವುದು ಈ ಎರಡನೆಯದರಲ್ಲಿ. ‘ಸಂಸ್ಕೃತಿಯನ್ನು ಕಾಪಾಡಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಮನವಿಗಳು ದೆಹಲಿಯಲ್ಲಿ ಫೈಲು ಸೇರಿ ಸುಮ್ಮನಾಗುವುದೂ ಇದೇ ಕಾರಣಕ್ಕೆ. ಮಾತುಕತೆ ನಡೆಸುವ ಅಧಿಕಾರಿಗೆ ಬೇಕಾದದ್ದು ಯಾವ ಅಧ್ಯಾಯದ ಯಾವ ವ್ಯಾಖ್ಯೆಯಲ್ಲಿ ಯಾವ ಪದ ಇರಬೇಕು, ಯಾವುದು ಇರಬಾರದು ಎಂಬುದು. ಅಷ್ಟನ್ನು ನೀವೇ ಬರೆದು ಕೊಡಬಹುದು.

ಯುನೆಸ್ಕೊ ವಿಷಯ ಮೊದಲು ಮುಗಿಸೋಣ, ಅಲ್ಲಿ ಗೊಂದಲ ಜಾಸ್ತಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಪಟ್ಟಿ ಸೇರಿದ್ದು 1972ರ ವಿಶ್ವ ಪರಂಪರೆ ಒಡಂಬಡಿಕೆಯ ಅಡಿಯಲ್ಲಿ. ಅದಕ್ಕೂ ಟಿವಿ, ಸಿನಿಮಾ, ಟೆಲಿಕಾಂಗೂ ಸಂಬಂಧವಿಲ್ಲ. ನಿಮಗೆ ಸಂಬಂಧಪಟ್ಟದ್ದು 2005ರ ಅಕ್ಟೋಬರ್ 20ರಂದು ಅಂಗೀಕಾರವಾದ ‘ಸಾಂಸ್ಕೃತಿಕ ಅಭಿವ್ಯಕ್ತಿಗಳ ವೈವಿಧ್ಯ’ದ ಒಡಂಬಡಿಕೆ. ಪರವಾಗಿ 148 ದೇಶಗಳು, ವಿರುದ್ಧವಾಗಿ ಅಮೆರಿಕ ಮತ್ತು ಇಸ್ರೇಲ್ ಎರಡೇ. ಭಾರತ 2006ರ ಡಿಸೆಂಬರ್‌ನಲ್ಲಿ ಸ್ಥಿರೀಕರಿಸಿತು, 2007ರ ಮಾರ್ಚ್ 18ರಿಂದ ಜಾರಿಯಲ್ಲಿದೆ. ಸಾಂಸ್ಕೃತಿಕ ಸರಕು, ಸೇವೆಗಳನ್ನು ಬರೀ ವ್ಯಾಪಾರದ ಮಾಲು ಎಂದು ನೋಡಬಾರದು, ಅವನ್ನು ಉಳಿಸಲು ದೇಶಗಳು ಕ್ರಮ ಕೈಗೊಳ್ಳಬಹುದು ಎಂದು ಅದು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಅದರ 20ನೇ ವಿಧಿಯ ಎರಡನೇ ಭಾಗ ಓದಿ: ಬೇರೆ ಒಪ್ಪಂದಗಳಲ್ಲಿ ಇರುವ ಹಕ್ಕು, ಹೊಣೆಗಳನ್ನು ಇದು ಬದಲಿಸುವುದಿಲ್ಲ ಎಂದಿದೆ. ಅಂದರೆ ವ್ಯಾಪಾರ ಒಪ್ಪಂದದಲ್ಲಿ ಒಮ್ಮೆ ಬಿಟ್ಟುಕೊಟ್ಟದ್ದನ್ನು ಈ ಒಡಂಬಡಿಕೆ ತೋರಿಸಿ ಮರಳಿ ಪಡೆಯುವಂತಿಲ್ಲ. ಮಾತುಕತೆ ನಡೆಯುತ್ತಿರುವಾಗ ‘ನಮಗೆ ಈ ಹೊಣೆ ಇದೆ, ಅದಕ್ಕಾಗಿ ಇಲ್ಲಿ ಮೀಸಲು ಬೇಕು’ ಎನ್ನಲು ಮಾತ್ರ ಅದು ಉಪಯೋಗ.

ಈಗ ಮುಖ್ಯ ವಿಷಯ. ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ವ್ಯಾಪಾರ ಒಪ್ಪಂದ, ಎಲ್ಲರೂ ‘ಗ್ಯಾಟ್ಸ್’ ಎನ್ನುವುದು, 1995ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಜೊತೆಗಿನ ಸೇವೆಗಳ ವರ್ಗೀಕರಣ ಪಟ್ಟಿಯಲ್ಲಿ ಎರಡನೇ ವಲಯದ ಹೆಸರು ‘ಸಂವಹನ ಸೇವೆಗಳು’. ಅದರೊಳಗೆ ಅಂಚೆ, ಕೊರಿಯರ್, ಮೂರನೆಯದಾಗಿ ದೂರಸಂಪರ್ಕ, ನಾಲ್ಕನೆಯದಾಗಿ ದೃಶ್ಯ-ಶ್ರವ್ಯ ಸೇವೆ. ಸಿನಿಮಾ ತಯಾರಿಕೆ ಮತ್ತು ವಿತರಣೆ, ಚಿತ್ರಪ್ರದರ್ಶನ, ರೇಡಿಯೊ-ಟಿವಿ, ಅವುಗಳ ಪ್ರಸರಣ, ಧ್ವನಿಮುದ್ರಣ ಎಲ್ಲ ಈ ನಾಲ್ಕನೆಯದರಲ್ಲಿ. ಸಂಕೇತವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ದೂರಸಂಪರ್ಕ, ಅದರೊಳಗೆ ಏನಿದೆ ಎಂಬುದು ದೃಶ್ಯ-ಶ್ರವ್ಯ. 1990ರ ದಶಕದಲ್ಲಿ ಫೋನು ಬೇರೆ, ಟಿವಿ ಬೇರೆ ಇದ್ದಾಗ ಈ ಗೆರೆ ನೇರವಾಗಿಯೇ ಇತ್ತು. ಇವತ್ತು ಒಂದೇ ಫೈಬರ್ ತಂತಿಯಲ್ಲಿ ಫೋನು, ಇಂಟರ್ನೆಟ್ಟು, ಟಿವಿ ಮೂರೂ ಬರುವಾಗ ಜಗಳವೆಲ್ಲ ಈ ಗೆರೆಯ ಮೇಲೆಯೇ.

ಗ್ಯಾಟ್ಸ್‌ನ ದೂರಸಂಪರ್ಕ ಅನುಬಂಧ ನಿಮ್ಮ ಪರವಾಗಿ ಒಂದು ವಾಕ್ಯ ಇಟ್ಟಿದೆ: ರೇಡಿಯೊ ಅಥವಾ ಟಿವಿ ಕಾರ್ಯಕ್ರಮಗಳ ಕೇಬಲ್ ವಿತರಣೆ ಮತ್ತು ಪ್ರಸಾರಕ್ಕೆ ಸಂಬಂಧಿಸಿದ ಕ್ರಮಗಳಿಗೆ ಈ ಅನುಬಂಧ ಅನ್ವಯಿಸುವುದಿಲ್ಲ. ನಂತರದ ಹೆಚ್ಚಿನ ಮುಕ್ತ ವ್ಯಾಪಾರ ಒಪ್ಪಂದಗಳ ಟೆಲಿಕಾಂ ಅಧ್ಯಾಯಗಳೂ ‘ವ್ಯಾಪ್ತಿ’ ಎಂಬ ವಿಧಿಯಲ್ಲಿ ಇದೇ ವಾಕ್ಯವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ ಬರೆದುಕೊಳ್ಳುತ್ತವೆ. ಯಾವುದೇ ಒಪ್ಪಂದ ಕೈಗೆ ಬಂದರೆ ಮೊದಲು ಹುಡುಕಬೇಕಾದದ್ದು ಇದನ್ನು. ಇದ್ದರೂ ನೆಮ್ಮದಿಯಾಗಿ ಕೂರುವಂತಿಲ್ಲ. ‘ಪ್ರಸಾರ’ ಮತ್ತು ‘ಕೇಬಲ್’ ಎಂದಷ್ಟೇ ಇದೆ. ನೋಡುವವರು ಬೇಕೆಂದಾಗ ಒತ್ತಿ ನೋಡುವ ಸ್ಟ್ರೀಮಿಂಗ್ ಸೇವೆ ಪ್ರಸಾರವೇ ಎಂಬ ಪ್ರಶ್ನೆಗೆ ಈ ವಾಕ್ಯದಲ್ಲಿ ಉತ್ತರವಿಲ್ಲ.

ನಮ್ಮ ದೇಶದೊಳಗೆ ಇನ್ನೊಂದು ತೊಡಕಿದೆ. 2004ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ಕಾಯ್ದೆಯ ಮಟ್ಟಿಗೆ ಪ್ರಸಾರ ಮತ್ತು ಕೇಬಲ್ ಸೇವೆಗಳನ್ನೂ ‘ದೂರಸಂಪರ್ಕ ಸೇವೆ’ ಎಂದು ಘೋಷಿಸಿತು. ಕೇಬಲ್ ದರದ ಜಗಳ ಟ್ರಾಯ್ ಮತ್ತು ಟೆಲಿಕಾಂ ವ್ಯಾಜ್ಯಗಳ ನ್ಯಾಯಮಂಡಳಿಯಾದ ಟಿಡಿಸ್ಯಾಟ್ ಮುಂದೆ ಹೋಗುವುದು ಅದರಿಂದಲೇ. ನಮ್ಮ ನಿಯಂತ್ರಕನ ಅನುಕೂಲಕ್ಕೆ ಮಾಡಿದ ಈ ವ್ಯವಸ್ಥೆಯನ್ನೇ ಹಿಡಿದು ಎದುರು ಪಕ್ಷದ ವಕೀಲ ‘ನಿಮ್ಮ ಕಾನೂನಿನಲ್ಲೇ ಇದು ಟೆಲಿಕಾಂ’ ಎಂದು ವಾದಿಸದಿರಲಿ ಎಂದರೆ, ಒಪ್ಪಂದದಲ್ಲಿ ‘ದೂರಸಂಪರ್ಕ ಸೇವೆ’ಯ ವ್ಯಾಖ್ಯೆ ದೇಶೀಯ ಕಾನೂನಿಗೆ ಜೋತುಬೀಳಬಾರದು. ಸಂಕೇತಗಳ ಸಾಗಣೆ ಎಂದು ಅಲ್ಲಿಯೇ ಸ್ವತಂತ್ರವಾಗಿ ಬರೆದಿರಬೇಕು.

ಭಾರತ ಈವರೆಗೆ ಏನು ಒಪ್ಪಿಕೊಂಡಿದೆ? ಗ್ಯಾಟ್ಸ್‌ನಲ್ಲಿ ಮಾರುಕಟ್ಟೆ ತೆರೆಯುವ ಹೊಣೆ ಮತ್ತು ನಮ್ಮವರಿಗೆ ಕೊಟ್ಟದ್ದನ್ನು ಹೊರಗಿನವರಿಗೂ ಕೊಡುವ ಹೊಣೆ, ಇವೆರಡೂ ದೇಶ ತನ್ನ ಬದ್ಧತಾ ಪಟ್ಟಿಯಲ್ಲಿ ಬರೆದ ಸೇವೆಗಳಿಗೆ ಮಾತ್ರ. ದೃಶ್ಯ-ಶ್ರವ್ಯದಲ್ಲಿ ಭಾರತ ಬರೆದದ್ದು ಚಲನಚಿತ್ರ ಮತ್ತು ವಿಡಿಯೊ ಟೇಪ್ ವಿತರಣೆಯೊಂದನ್ನೇ, ಅದೂ ಬಿಗಿಯಾದ ಷರತ್ತಿನೊಂದಿಗೆ: ವಿದೇಶಿ ಕಂಪನಿಯ ಶಾಖೆಯಂತೆ ನಡೆಯುವ ಪ್ರತಿನಿಧಿ ಕಚೇರಿಯ ಮೂಲಕ ಮಾತ್ರ, ವರ್ಷಕ್ಕೆ 100 ಚಿತ್ರಗಳ ಆಮದು ಮಿತಿ. ರೇಡಿಯೊ, ಟಿವಿಯ ಸಾಲುಗಳನ್ನು ಬರೆದೇ ಇಲ್ಲ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಲೋಕಲ್ ಚಾನೆಲ್‌ಗೆ ಇರುವ ಅವಕಾಶ ನಮಗೂ ಬೇಕು ಎಂದು ವಿದೇಶಿ ಕಂಪನಿಯ ಪರವಾಗಿ ಅದರ ದೇಶ ಗ್ಯಾಟ್ಸ್ ಹಿಡಿದು ಕೇಳಲು ಆಧಾರವಿಲ್ಲ. ಪರಮಾಪ್ತ ರಾಷ್ಟ್ರ ನಿಯಮವೊಂದು ಉಳಿಯುತ್ತದೆ. ಅಂದರೆ ಒಂದು ದೇಶಕ್ಕೆ ಕೊಟ್ಟದ್ದನ್ನು ಉಳಿದ ದೇಶಗಳಿಗೂ ಕೊಡಬೇಕು. ಅದು ವಿದೇಶಿಯರ ನಡುವಿನ ಸಮಾನತೆ, ನಿಮ್ಮ ತಂಟೆಗೆ ಬರುವುದಿಲ್ಲ. ಕೇಬಲ್ ಕಾಯ್ದೆಯ 8ನೇ ಕಲಮಿನ ಪ್ರಕಾರ ದೂರದರ್ಶನದ ಚಾನೆಲ್‌ಗಳನ್ನು ನೀವು ಕಡ್ಡಾಯವಾಗಿ ಕೊಡಬೇಕಲ್ಲ, ಆ ನಿಯಮವೂ ಇದೇ ಕಾರಣಕ್ಕೆ ಭದ್ರ.

ಟೆಲಿಕಾಂ ಕಥೆ ಬೇರೆ. ಮೂಲ ದೂರಸಂಪರ್ಕದ ಮಾತುಕತೆ 1997ರ ಫೆಬ್ರುವರಿ 15ರಂದು 69 ಸರ್ಕಾರಗಳ ಒಪ್ಪಿಗೆಯೊಂದಿಗೆ ಮುಗಿದು, 1998ರ ಫೆಬ್ರುವರಿ 5ರಿಂದ ಜಾರಿಗೆ ಬಂತು. ಭಾರತ ಆಗ ಬರೆದುಕೊಟ್ಟದ್ದು ಶೇ 25ರ ವಿದೇಶಿ ಬಂಡವಾಳ. ಇವತ್ತು ನಾವೇ ನಮ್ಮ ನೀತಿಯಲ್ಲಿ ಟೆಲಿಕಾಂಗೆ ಶೇ 100 ತೆರೆದಿದ್ದೇವೆ. ಕೇಬಲ್ ಜಾಲ, ಡಿಟಿಎಚ್, ಉಪಗ್ರಹಕ್ಕೆ ಸಂಕೇತ ಕಳಿಸುವ ಟೆಲಿಪೋರ್ಟ್‌ಗಳಿಗೂ ಶೇ 100. ಆದರೆ ಸುದ್ದಿ ಚಾನೆಲ್‌ಗೆ ಮತ್ತು ಎಫ್‌ಎಂ ರೇಡಿಯೊಗೆ ಶೇ 49, ಡಿಜಿಟಲ್ ಸುದ್ದಿಗೆ ಶೇ 26, ಅದೂ ಸರ್ಕಾರದ ಅನುಮತಿ ಪಡೆದು. ಸಾಗಿಸುವ ದಾರಿ ತೆರೆದಿಟ್ಟು, ಸುದ್ದಿಗೆ ಮಾತ್ರ ಬೇಲಿ. ಗಮನಿಸಿ, ಮನರಂಜನೆಗೆ ಬೇಲಿಯಿಲ್ಲ: ಸುದ್ದಿಯಲ್ಲದ ಚಾನೆಲ್‌ಗೆ ಶೇ 100 ಬಂಡವಾಳ ಬರಬಹುದು. ಇದು ನಮ್ಮ ಇಷ್ಟದ ನೀತಿಯಾಗಿರುವವರೆಗೆ ಬದಲಿಸಬಹುದು. ಒಪ್ಪಂದದಲ್ಲಿ ಬರೆದ ದಿನ ಬೀಗ ಬೀಳುತ್ತದೆ. ಮಾತುಕತೆಯಲ್ಲಿ ಎದುರಿನವರು ಕೇಳುವುದೂ ಅದನ್ನೇ: ಹೇಗೂ ತೆರೆದಿದ್ದೀರಲ್ಲ, ಬರೆದುಕೊಡಿ ಎಂದು.

ಬರೆದ ಪದ ಹೇಗೆ ತಿರುಗಿ ಕಚ್ಚುತ್ತದೆ ಎಂಬುದಕ್ಕೆ ಎರಡು ಮೊಕದ್ದಮೆಗಳನ್ನು ತಿಳಿದಿರಬೇಕು. ಚೀನಾ 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರುವಾಗ ‘ಧ್ವನಿಮುದ್ರಣ ವಿತರಣಾ ಸೇವೆ’ ಎಂದು ಪಟ್ಟಿಯಲ್ಲಿ ಬರೆಯಿತು. ತಾನು ಹೇಳಿದ್ದು ಕ್ಯಾಸೆಟ್, ಸಿ.ಡಿ.ಗಳಂಥ ಕೈಗೆ ಸಿಗುವ ವಸ್ತುಗಳನ್ನು, ಇಂಟರ್ನೆಟ್ ಮೂಲಕ ಹಾಡು ಕೊಡುವುದನ್ನಲ್ಲ ಎಂದು ನಂತರ ವಾದಿಸಿತು. 2009ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಮಂಡಳಿ ಒಪ್ಪಲಿಲ್ಲ. ಪದಗಳು ಸಾಮಾನ್ಯ ಸ್ವರೂಪದವು, ಕಾಲ ಬದಲಾದಂತೆ ಅವು ಒಳಗೊಳ್ಳುವುದೂ ಬದಲಾಗುತ್ತದೆ ಎಂದಿತು. ಅಮೆರಿಕವೂ ಹೀಗೇ ಸಿಕ್ಕಿಬಿದ್ದಿದೆ. ‘ಇತರ ಮನೋರಂಜನಾ ಸೇವೆಗಳು, ಕ್ರೀಡೆ ಹೊರತುಪಡಿಸಿ’ ಎಂದು ಬರೆದದ್ದರಲ್ಲಿ ಆನ್‌ಲೈನ್ ಜೂಜೂ ಸೇರಿದೆ ಎಂದು 2005ರಲ್ಲಿ ತೀರ್ಪಾಯಿತು. ಗೆದ್ದದ್ದು ಆಂಟಿಗುವಾ ಎಂಬ ಪುಟ್ಟ ದ್ವೀಪದೇಶ. ಬರೆದದ್ದನ್ನು ಹಿಂದಕ್ಕೆ ಪಡೆಯಲು ಗ್ಯಾಟ್ಸ್‌ನ 21ನೇ ವಿಧಿಯಲ್ಲಿ ದಾರಿಯಿದೆ, ಆದರೆ ಬಾಧಿತ ದೇಶಗಳಿಗೆ ಬೇರೆ ಕಡೆ ಪರಿಹಾರ ತೆರಬೇಕು.

ಕೆನಡಾದ ಪಾಠ ಇನ್ನೂ ಸೂಕ್ಷ್ಮ. ಅಮೆರಿಕದೊಂದಿಗಿನ ತನ್ನ ಒಪ್ಪಂದಗಳಲ್ಲಿ ಅದು 1980ರ ದಶಕದ ಕೊನೆಯಿಂದಲೂ ಸಾಂಸ್ಕೃತಿಕ ಉದ್ಯಮಗಳಿಗೆ ವಿನಾಯಿತಿ ಇಟ್ಟುಕೊಂಡಿದೆ. ಆದರೂ ಕೆನಡಾದ ಜಾಹೀರಾತು ತುಂಬಿಕೊಂಡು ಬರುವ ಅಮೆರಿಕದ ಪತ್ರಿಕೆಗಳ ಮೇಲೆ ಹಾಕಿದ ಶೇ 80ರ ತೆರಿಗೆ 1997ರಲ್ಲಿ ಬಿದ್ದುಹೋಯಿತು. ಅಮೆರಿಕ ಆ ಒಪ್ಪಂದದ ಬಾಗಿಲು ಬಿಟ್ಟು ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲಿಗೆ ಹೋಗಿ, ಪತ್ರಿಕೆ ಎಂದರೆ ಸರಕು ಎಂದು ವಾದಿಸಿ ಗೆದ್ದಿತು. ಒಂದು ಕಡೆಯ ವಿನಾಯಿತಿ ಇನ್ನೊಂದು ಕಡೆ ನಡೆಯುವುದಿಲ್ಲ. ಕೆನಡಾದ ವಿನಾಯಿತಿಗೆ ಇನ್ನೊಂದು ಬಾಲವೂ ಇದೆ: ಅದನ್ನು ಬಳಸಿದರೆ ಅಷ್ಟೇ ವಾಣಿಜ್ಯ ಪರಿಣಾಮದ ಪ್ರತೀಕಾರಕ್ಕೆ ಅಮೆರಿಕಕ್ಕೆ ಹಕ್ಕು. 2020ರ ಜುಲೈನಲ್ಲಿ ಜಾರಿಯಾದ ಹೊಸ ಒಪ್ಪಂದದ 32.6ನೇ ವಿಧಿಯಲ್ಲೂ ಅದು ಮುಂದುವರಿದಿದೆ. ವಿನಾಯಿತಿ ಇದೆಯೆಂದು ಹಿಗ್ಗುವ ಮೊದಲು ಅದರ ಮುಂದಿನ ಪರಿಚ್ಛೇದ ಓದಬೇಕು ಎನ್ನುವುದು ಇದಕ್ಕೇ.

ಇನ್ನು ಪಟ್ಟಿ ಮಾಡುವ ರೀತಿ. ಒಪ್ಪಿಕೊಂಡದ್ದನ್ನು ಮಾತ್ರ ಬರೆಯುವುದು ಒಂದು ಕ್ರಮ; ಗ್ಯಾಟ್ಸ್‌ನದು ಬಹುಪಾಲು ಇದೇ, ಭಾರತಕ್ಕೂ ರೂಢಿಯಾದದ್ದು ಇದು. ಬರೆಯದ್ದೆಲ್ಲ ತೆರೆದಿದೆ ಎನ್ನುವುದು ಇನ್ನೊಂದು ಕ್ರಮ. ಇದರಲ್ಲಿ ಒಂದು ಸೇವೆಯನ್ನು ಬರೆಯಲು ಮರೆತರೆ ಅದು ಹೋದಂತೆ. ಈ ಎರಡನೇ ಕ್ರಮದಲ್ಲಿ ಸಾಮಾನ್ಯವಾಗಿ ಎರಡು ಅನುಬಂಧಗಳಿರುತ್ತವೆ. ಮೊದಲನೆಯದರಲ್ಲಿ ಈಗಿರುವ ನಿಯಮಗಳು: ಇದ್ದ ಹಾಗೆ ಇಟ್ಟುಕೊಳ್ಳಬಹುದು, ಸಡಿಲಿಸಬಹುದು, ಸಡಿಲಿಸಿದ್ದನ್ನು ಮತ್ತೆ ಬಿಗಿ ಮಾಡುವಂತಿಲ್ಲ. ಎರಡನೆಯದರಲ್ಲಿ ಮುಂದೆ ಹೊಸ ನಿಯಮ ತರುವ ಸ್ವಾತಂತ್ರ್ಯವನ್ನೇ ಕಾಯ್ದಿರಿಸಿದ ವಿಷಯಗಳು. ದಕ್ಷಿಣ ಕೊರಿಯಾವನ್ನು ನೋಡಿ. ಚಿತ್ರಮಂದಿರಗಳು ವರ್ಷಕ್ಕೆ 146 ದಿನ ಕೊರಿಯನ್ ಚಿತ್ರ ತೋರಿಸಬೇಕೆಂಬ ನಿಯಮ ಅಲ್ಲಿತ್ತು. ಅಮೆರಿಕದೊಂದಿಗೆ ಮಾತುಕತೆ ಶುರುವಾಗುವ ಹೊತ್ತಿಗೆ, 2006ರಲ್ಲಿ, ಅದನ್ನು 73ಕ್ಕೆ ಇಳಿಸಿದರು. 2012ರಲ್ಲಿ ಜಾರಿಯಾದ ಒಪ್ಪಂದದಲ್ಲಿ ಆ 73 ಮೊದಲ ಅನುಬಂಧಕ್ಕೆ ಹೋಯಿತು. ಮತ್ತೆ 146ಕ್ಕೆ ಏರಿಸಬೇಕೆಂದರೆ ಒಪ್ಪಂದವನ್ನೇ ಮುರಿಯಬೇಕು.

ನ್ಯೂಜಿಲೆಂಡ್‌ನದು ನಮಗೆ ಇನ್ನೂ ಹತ್ತಿರದ ಉದಾಹರಣೆ. ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿಗೆ ಕಾರಣವಾದ ‘ಉರುಗ್ವೆ ಸುತ್ತಿ’ನ ಮಾತುಕತೆಯಲ್ಲಿ ಅದು ದೃಶ್ಯ-ಶ್ರವ್ಯ ಸೇವೆಯನ್ನು ಧಾರಾಳವಾಗಿ ತೆರೆಯಿತು. ಆಗಿನ ಸರ್ಕಾರಕ್ಕೆ ಸ್ಥಳೀಯ ಕಾರ್ಯಕ್ರಮಗಳ ಕಡ್ಡಾಯ ಪ್ರಮಾಣ ಬೇಕಿರಲಿಲ್ಲ. 1999ರ ನಂತರ ಬಂದ ಸರ್ಕಾರಕ್ಕೆ ಬೇಕಾಯಿತು. ಕಡ್ಡಾಯ ಮಾಡಲು ಬದ್ಧತೆ ಅಡ್ಡ ಬಂದು, ಪ್ರಸಾರಕರು ತಾವಾಗಿ ಒಪ್ಪುವ ಗುರಿಗಳಿಗೆ ತೃಪ್ತಿಪಡಬೇಕಾಯಿತು. ಭಾರತದಲ್ಲಿ ಇವತ್ತು ಓಟಿಟಿ ವೇದಿಕೆಗಳಲ್ಲಿ ಇಷ್ಟು ಪಾಲು ಕನ್ನಡವಿರಬೇಕು ಎಂಬ ನಿಯಮ ಯಾವುದೂ ಇಲ್ಲ. ಇಲ್ಲದ್ದನ್ನು ಮೊದಲ ಅನುಬಂಧದಲ್ಲಿ ಕಾಪಾಡಲಾಗದು. ನೀವು ಕೇಳಬೇಕಾದದ್ದು ಎರಡನೆಯದನ್ನು. ಯುರೋಪ್ ಒಕ್ಕೂಟ 2018ರ ನಿರ್ದೇಶನದಲ್ಲಿ ಸ್ಟ್ರೀಮಿಂಗ್ ವೇದಿಕೆಗಳ ಪಟ್ಟಿಯಲ್ಲಿ ಕನಿಷ್ಠ ಶೇ 30 ಯುರೋಪಿನ ಕೃತಿಗಳಿರಬೇಕು, ಅವು ಕಣ್ಣಿಗೆ ಬೀಳುವಂತೆಯೂ ಇರಬೇಕು ಎಂದು ಹೇಳಲು ಸಾಧ್ಯವಾದದ್ದು, ಅದು ದೃಶ್ಯ-ಶ್ರವ್ಯವನ್ನು ವ್ಯಾಪಾರ ಒಪ್ಪಂದಗಳಿಂದ ಹಟ ಹಿಡಿದು ಹೊರಗಿಟ್ಟುಕೊಂಡು ಬಂದದ್ದರಿಂದ. 2013ರಲ್ಲಿ ಅಮೆರಿಕದೊಂದಿಗಿನ ಮಾತುಕತೆಗೆ ಆದೇಶಪತ್ರ ಸಿದ್ಧವಾಗುವಾಗಲೇ ಫ್ರಾನ್ಸ್ ಅದನ್ನು ತೆಗೆಸಿತ್ತು.

ಟೆಲಿಕಾಂ ಅಧ್ಯಾಯಕ್ಕಿಂತ ಹೆಚ್ಚು ಎಚ್ಚರದಿಂದ ಓದಬೇಕಾದದ್ದು ಅದರ ಪಕ್ಕದ ‘ಡಿಜಿಟಲ್ ವ್ಯಾಪಾರ’ ಅಧ್ಯಾಯ. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ಒಪ್ಪಂದದಲ್ಲಿ ಎರಡೂ ಇವೆ. ಅಮೆರಿಕದ ಮಾದರಿಯ ಇಂಥ ಅಧ್ಯಾಯಗಳಲ್ಲಿ ‘ಡಿಜಿಟಲ್ ಉತ್ಪನ್ನ’ ಎಂಬ ವ್ಯಾಖ್ಯೆ ಬರುತ್ತದೆ: ಸಾಫ್ಟ್‌ವೇರ್, ಪಠ್ಯ, ವಿಡಿಯೊ, ಚಿತ್ರ, ಧ್ವನಿಮುದ್ರಣ ಎಲ್ಲವೂ ಅದರಲ್ಲಿ. ಅವುಗಳ ನಡುವೆ ತಯಾರಾದ ದೇಶ ನೋಡಿ ತಾರತಮ್ಯ ಮಾಡಬಾರದು ಎನ್ನುತ್ತದೆ ಮುಂದಿನ ವಿಧಿ. ಸಿನಿಮಾವನ್ನು ದೃಶ್ಯ-ಶ್ರವ್ಯ ಸಾಲಿನಲ್ಲಿ ಎಷ್ಟೇ ಭದ್ರವಾಗಿ ಮುಚ್ಚಿಟ್ಟರೂ ಈ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿಬಿಡುತ್ತದೆ. ಪೆಸಿಫಿಕ್ ಸುತ್ತಲಿನ ದೇಶಗಳ, ಭಾರತ ಸದಸ್ಯನಲ್ಲದ ಸಿಪಿಟಿಪಿಪಿ ವ್ಯಾಪಾರ ಒಪ್ಪಂದದ 14.4ನೇ ವಿಧಿ ಇದಕ್ಕೆ ಎರಡು ತಡೆ ಇಟ್ಟಿದೆ: ಸಹಾಯಧನಕ್ಕೆ ಅನ್ವಯಿಸದು, ಪ್ರಸಾರಕ್ಕೆ ಅನ್ವಯಿಸದು. ಇಂಥ ವಿಧಿ ಯಾವ ಕರಡಿನಲ್ಲಿ ಕಂಡರೂ ಈ ಎರಡು ತಡೆಗಳನ್ನು ಕನಿಷ್ಠ ಎಂದುಕೊಂಡು, ಕೋರಿಕೆ ಮೇರೆಗಿನ ದೃಶ್ಯ-ಶ್ರವ್ಯ ಸೇವೆಯನ್ನು (ಬೇಕೆಂದಾಗ ಒತ್ತಿ ನೋಡುವ ಸ್ಟ್ರೀಮಿಂಗ್) ಮೂರನೆಯದಾಗಿ ಸೇರಿಸಿ ಎಂದು ಕೇಳಿ. ಇಂಥ ಅಧ್ಯಾಯಗಳಲ್ಲಿ ಸಾಫ್ಟ್‌ವೇರಿನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಸರ್ಕಾರ ಕೇಳಬಾರದು ಎಂಬ ವಿಧಿಯೂ ಬರುವುದುಂಟು. ಒಂದು ವೇದಿಕೆ ತನ್ನ ಮುಖಪುಟದಲ್ಲಿ ಕನ್ನಡವನ್ನು ಇಪ್ಪತ್ತನೇ ಸಾಲಿಗೆ ತಳ್ಳುತ್ತಿದೆಯೇ ಎಂದು ನಾಳೆ ನಿಯಂತ್ರಕ ಪರೀಕ್ಷಿಸಬೇಕಾದರೆ, ತನಿಖೆಗೆ ವಿನಾಯಿತಿ ಅಲ್ಲಿರಬೇಕು. ಈ ಸಂಬಂಧ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ.

ಮೆಣಸಿನ ಮಾತು ಎತ್ತಿದ್ದೀರಿ, ಅದು ಇಲ್ಲಿಗೆ ಚೆನ್ನಾಗಿಯೇ ಹೊಂದುತ್ತದೆ. ಶ್ರೀಲಂಕಾದೊಂದಿಗಿನ ರಿಯಾಯಿತಿ ಶ್ರೀಲಂಕಾದ ಮೆಣಸಿಗೆ ಎಂದು ಬರೆದಿದ್ದರೂ ವಿಯೆಟ್ನಾಂ ಮೆಣಸು ಆ ಹೆಸರಿನಲ್ಲಿ ಬರುತ್ತಿದೆ ಎಂಬುದು ಬೆಳೆಗಾರರ ದೂರಾಗಿತ್ತು. 2017ರ ಡಿಸೆಂಬರ್‌ನಲ್ಲಿ ಕಿಲೊಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. ಸೇವೆಯಲ್ಲೂ ಇದೇ ಆಟ ನಡೆಯುತ್ತದೆ. ಒಪ್ಪಂದ ಬ್ರಿಟನ್‌ನೊಂದಿಗೆ, ಆದರೆ ಮೂರನೇ ದೇಶದ ದೊಡ್ಡ ವೇದಿಕೆಯ ಲಂಡನ್ ಶಾಖೆಯೂ ಬ್ರಿಟನ್ನಿನ ಕಂಪನಿ ಎನಿಸಿಕೊಂಡು ಲಾಭ ಪಡೆಯಬಹುದು. ಇದನ್ನು ತಡೆಯಲು ‘ಪ್ರಯೋಜನ ನಿರಾಕರಣೆ’ ಎಂಬ ವಿಧಿ ಇರುತ್ತದೆ. ಬರೀ ಹೆಸರಿಗೆ ಕಚೇರಿ ಇಟ್ಟವರಿಗೆ ಲಾಭವಿಲ್ಲ, ಗಣನೀಯ ವ್ಯವಹಾರ ಅಲ್ಲಿ ನಡೆಸುತ್ತಿರಬೇಕು ಎನ್ನುತ್ತದೆ. ಇದು ಬೋಗಸ್ ಕಂಪನಿಯನ್ನು ತಡೆಯುತ್ತದೆಯೇ ಹೊರತು ನಿಜವಾಗಿ ದೊಡ್ಡ ಕಚೇರಿ ಇಟ್ಟವರನ್ನಲ್ಲ. ಆದ್ದರಿಂದ ಒಪ್ಪಂದ ಚಿಕ್ಕ ದೇಶದ ಜೊತೆಗಾಯಿತು, ಭಯವಿಲ್ಲ ಎನ್ನುವ ಲೆಕ್ಕಾಚಾರ ಸರಿಯಲ್ಲ.

ರಾಜ್ಯ ಸರ್ಕಾರ ಕೊಡುವ ಸಹಾಯಧನ ಇದಕ್ಕೆಲ್ಲ ಹೊರಗೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಗ್ಯಾಟ್ಸ್‌ನ ಒಂದನೇ ವಿಧಿಯ ಪ್ರಕಾರ ಪ್ರಾದೇಶಿಕ ಮತ್ತು ಸ್ಥಳೀಯ ಸರ್ಕಾರಗಳ ಕ್ರಮಗಳೂ ಲೆಕ್ಕಕ್ಕೆ ಬರುತ್ತವೆ, ಕಡೂರು ಪುರಸಭೆಯೂ ಸೇರಿ. ಕನ್ನಡ ಚಿತ್ರಗಳಿಗೆ ಕೊಡುವ ಸಹಾಯಧನ, ಚಿತ್ರರಂಗದ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕಾಗಿ 2024ರಲ್ಲಿ ರಾಜ್ಯ ಶಾಸನ ಮಾಡಿದ ಶೇ 1ರಿಂದ 2ರ ಸೆಸ್, ಎಲ್ಲವೂ ಸಿದ್ಧಾಂತದಲ್ಲಿ ಒಪ್ಪಂದದ ಕಣ್ಣಿಗೆ ಬೀಳುವಂಥವೇ. ಸಹಾಯಧನಕ್ಕೆ ವಿನಾಯಿತಿ ಇರುವ ಒಪ್ಪಂದದಲ್ಲಿ ಚಿಂತೆಯಿಲ್ಲ. ಸೆಸ್‌ನಲ್ಲಿ ದೇಶಿ-ವಿದೇಶಿ ಭೇದವಿಲ್ಲದಿದ್ದರೆ ಅದಕ್ಕೂ ಚಿಂತೆಯಿಲ್ಲ.

ನಿಯಮವನ್ನು ಹೇಗೆ ಬರೆದರೆ ನಿಲ್ಲುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿಯಿದೆ, ನಿಮ್ಮ ಜೇಬಿನಲ್ಲೇ ಇದೆ. ಐಎಸ್ 16333ರ ಮೂರನೇ ಭಾಗ ಎಂಬ ಮಾನಕದ ಪ್ರಕಾರ ಭಾರತದಲ್ಲಿ ಮಾರುವ ಮೊಬೈಲ್ ಫೋನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳ ಸಂದೇಶಗಳನ್ನೂ ಓದಲು ಬರುವಂತೆ ತೋರಿಸಬೇಕು. ಇಂಗ್ಲಿಷ್, ಹಿಂದಿ ಮತ್ತು ಕನಿಷ್ಠ ಇನ್ನೊಂದು ಭಾರತೀಯ ಭಾಷೆಯಲ್ಲಿ ಟೈಪ್ ಮಾಡಲು ಆಗಬೇಕು. ಸಾದಾ ಕೀಪ್ಯಾಡ್ ಫೋನಿನಲ್ಲೂ ಕನ್ನಡದ ಎಸ್ಸೆಮ್ಮೆಸ್ಸು ಚೌಕುಳಿಗಳಾಗದೆ ಅಕ್ಷರವಾಗಿಯೇ ಕಾಣಬೇಕು ಎಂಬುದರ ಹಿಂದೆ ಇರುವ ನಿಯಮ ಇದು. ಫೋನು ಸರಕು, ಹಾಗಾಗಿ ಇದು ವ್ಯಾಪಾರಕ್ಕೆ ತಾಂತ್ರಿಕ ಅಡೆತಡೆಗಳ ಒಪ್ಪಂದದ ಅಡಿ ಬರುತ್ತದೆ. ನೋಯ್ಡಾದಲ್ಲಿ ತಯಾರಾದ ಫೋನಿಗೂ ಶೆನ್ಜೆನ್‌ನದಕ್ಕೂ ಒಂದೇ ಷರತ್ತು, ಭೇದ ಭಾಷೆಯದು ಮಾತ್ರ, ಕಂಪನಿಯ ರಾಷ್ಟ್ರೀಯತೆಯದಲ್ಲ. ಹೀಗೆ ಬರೆದ ನಿಯಮವನ್ನು ಕೆಡವುವುದು ಕಷ್ಟ. ‘ಕರ್ನಾಟಕದ ಕಂಪನಿ ತಯಾರಿಸಿದ’ ಎನ್ನುವ ಬದಲು ‘ಕನ್ನಡದಲ್ಲಿರುವ’ ಎಂದು ಬರೆಯುವುದೇ ಕ್ಷೇಮ ಎನ್ನುವುದು ಇದಕ್ಕಾಗಿ.

ಆದರೆ ಭಾಷೆಯ ಅಳತೆಗೋಲಿಗೆ ಒಂದು ತೂತಿದೆ, ಡಬ್ಬಿಂಗ್. ಶೇ 10 ಕನ್ನಡ ಎಂದು ನಿಯಮ ಬಂದರೆ ದೊಡ್ಡ ವೇದಿಕೆ ಕೊರಿಯನ್ ಧಾರಾವಾಹಿಯನ್ನು ಕನ್ನಡಕ್ಕೆ ಡಬ್ ಮಾಡಿ ಲೆಕ್ಕ ತುಂಬಿಸುತ್ತದೆ, ಕಡೂರಿನ ವೀರಗಾಸೆ ತಂಡಕ್ಕೆ ದಮ್ಮಡಿಯೂ ಬರುವುದಿಲ್ಲ. ಡಬ್ಬಿಂಗನ್ನೇ ತಡೆಯುತ್ತೇವೆ ಎಂದರೆ ಸ್ಪರ್ಧಾ ಕಾನೂನು ಬಿಡುವುದಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಈ ವಿಷಯದಲ್ಲೇ ಕನ್ನಡ ಚಿತ್ರೋದ್ಯಮದ ಸಂಘಟನೆಗಳ ಮೇಲೆ ದಂಡ ಹಾಕಿತ್ತು. ‘ಮೊದಲು ಕನ್ನಡದಲ್ಲೇ ತಯಾರಾದ’ ಎಂಬ ಮಾತು ಸೇರಿಸಿದರೆ ಇದು ಬಗೆಹರಿಯುತ್ತದೆ.

ಟೆಲಿಕಾಂ ನಿಯಮಗಳಲ್ಲೇ ಸಂಸ್ಕೃತಿಗೆ ಅನುಕೂಲವಾದ, ಆದರೆ ಆ ಹೆಸರೆತ್ತದ ಎರಡು ಸಂಗತಿಗಳಿವೆ. ಒಂದು, 2016ರ ಫೆಬ್ರುವರಿ 8ರ ಟ್ರಾಯ್ ನಿಯಮ: ಯಾವ ವಿಷಯ ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬೇರೆಬೇರೆ ಇಡುವಂತಿಲ್ಲ. ಇದಿಲ್ಲದಿದ್ದರೆ ದೊಡ್ಡ ವೇದಿಕೆ ಪುಕ್ಕಟೆ, ನಿಮ್ಮ ಆ್ಯಪ್‌ಗೆ ಡೇಟಾ ಖರ್ಚು ಎಂದಾಗುತ್ತಿತ್ತು. ಆಗ ಯಾವ ಸಾಂಸ್ಕೃತಿಕ ವಿನಾಯಿತಿಯೂ ಕೆಲಸಕ್ಕೆ ಬರುತ್ತಿರಲಿಲ್ಲ. ನನ್ನ ಮಟ್ಟಿಗೆ ಕನ್ನಡದ ಸಣ್ಣ ತಯಾರಕರಿಗೆ ಸಿಕ್ಕ ಅತಿ ದೊಡ್ಡ ರಕ್ಷಣೆ ಇದು. ಇನ್ನೊಂದು, 1997ರ ಮಾತುಕತೆಯ ‘ಉಲ್ಲೇಖ ಪತ್ರ’ದಲ್ಲಿರುವ ಸಾರ್ವತ್ರಿಕ ಸೇವೆಯ ಪರಿಚ್ಛೇದ. ಯಾವ ಬಗೆಯ ಸಾರ್ವತ್ರಿಕ ಸೇವೆ ಬೇಕೆಂದು ನಿರ್ಧರಿಸುವ ಹಕ್ಕು ಆಯಾ ದೇಶದ್ದು, ಅದನ್ನು ಪಾರದರ್ಶಕವಾಗಿ, ತಾರತಮ್ಯವಿಲ್ಲದೆ, ಅಗತ್ಯಕ್ಕಿಂತ ಹೆಚ್ಚು ಹೊರೆಯಾಗದಂತೆ ನಡೆಸಬೇಕು ಎಂಬುದಷ್ಟೇ ಷರತ್ತು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಹಳೆಯ ಸಾರ್ವತ್ರಿಕ ಸೇವಾ ನಿಧಿ ‘ಡಿಜಿಟಲ್ ಭಾರತ್ ನಿಧಿ’ ಆಗಿದೆ. ಮಲೆನಾಡಿನ ಸಿಗ್ನಲ್ ಸಿಗದ ಊರುಗಳಿಗೆ ಸಂಪರ್ಕ ಕೊಡುವಾಗ ಸ್ಥಳೀಯ ಭಾಷೆಯ ಸೇವೆಯನ್ನೂ ಸೇರಿಸಿ ಎಂದು ಕೇಳಲು ವ್ಯಾಪಾರ ಒಪ್ಪಂದ ಅಡ್ಡಿಯಲ್ಲ.

ಮನವಿಗೆ ಬರೋಣ. ಎರಡು ಪುಟ ಸಾಕು. ಮೊದಲ ಪರಿಚ್ಛೇದದಲ್ಲಿ ನೀವು ಯಾರು, ಎಷ್ಟು ಸಂಪರ್ಕಗಳಿವೆ, ವಾರಕ್ಕೆ ಎಷ್ಟು ಗಂಟೆ ಸ್ಥಳೀಯ ಕಾರ್ಯಕ್ರಮ ತಯಾರಿಸುತ್ತೀರಿ, ಎಷ್ಟು ಕಲಾವಿದರಿಗೆ ಸಂಭಾವನೆ ಹೋಗುತ್ತದೆ ಎಂಬ ಅಂಕಿ ಕೊಡಿ. ಸಾವಿರ ವರ್ಷಗಳ ಇತಿಹಾಸ ಬೇಡ, ಅದು ಅವರಿಗೂ ಗೊತ್ತು. ನಂತರ ಕೇಳಿಕೆಗಳು, ಒಂದೊಂದೂ ಒಪ್ಪಂದದ ಭಾಷೆಯಲ್ಲೇ ಇರಲಿ. ಟೆಲಿಕಾಂ ಅಧ್ಯಾಯದ ವ್ಯಾಪ್ತಿಗೆ: ‘ಯಾವುದೇ ತಂತ್ರಜ್ಞಾನದ ಮೂಲಕ ನಡೆಯುವ ರೇಡಿಯೊ, ಟಿವಿ ಹಾಗೂ ಕೋರಿಕೆ ಮೇರೆಗಿನ ದೃಶ್ಯ-ಶ್ರವ್ಯ ಕಾರ್ಯಕ್ರಮಗಳ ಪ್ರಸಾರ ಮತ್ತು ವಿತರಣೆಗೆ ಸಂಬಂಧಿಸಿದ ಕ್ರಮಗಳಿಗೆ ಈ ಅಧ್ಯಾಯ ಅನ್ವಯಿಸುವುದಿಲ್ಲ.’ ‘ಯಾವುದೇ ತಂತ್ರಜ್ಞಾನದ ಮೂಲಕ’ ಎಂಬುದೇ ಇಲ್ಲಿ ಜೀವ, ಅದನ್ನು ಬಿಡಬೇಡಿ. ಸೇವೆಗಳ ಪಟ್ಟಿಗೆ: ದೃಶ್ಯ-ಶ್ರವ್ಯದಲ್ಲಿ 1995ರದಕ್ಕಿಂತ ಹೊಸ ಬದ್ಧತೆ ಬೇಡ, ಬರೆಯದ್ದೆಲ್ಲ ತೆರೆದಿದೆ ಎಂಬ ಕ್ರಮಕ್ಕೆ ಹೋಗುವುದಾದರೆ, ಭಾರತೀಯ ಭಾಷೆಗಳ ವಿಷಯದ ಪ್ರಮಾಣ, ಹೂಡಿಕೆಯ ಪಾಲು ಮತ್ತು ಪರದೆಯ ಮೇಲಿನ ಪ್ರಾಮುಖ್ಯದ ಬಗ್ಗೆ ಮುಂದೆ ತರುವ ಕ್ರಮಗಳೂ ಸೇರಿದಂತೆ ಎರಡನೇ ಅನುಬಂಧದಲ್ಲಿ ಮೀಸಲು. ಡಿಜಿಟಲ್ ಅಧ್ಯಾಯಕ್ಕೆ ಮೇಲೆ ಹೇಳಿದ ಮೂರು ತಡೆಗಳು. ಕೊನೆಗೆ, ವಿನಾಯಿತಿ ಬಳಸಿದ್ದಕ್ಕೆ ಪ್ರತೀಕಾರದ ಹಕ್ಕು ಬೇಡ. ಪೀಠಿಕೆಯಲ್ಲಿ ಸಂಸ್ಕೃತಿಯ ಉಲ್ಲೇಖ ಬರಲಿ ಎಂದು ಕೇಳುವುದಾದರೆ ಕೇಳಿ, ಆದರೆ ಅದಕ್ಕೆ ಬದಲಾಗಿ ಈ ನಾಲ್ಕರಲ್ಲಿ ಒಂದನ್ನೂ ಬಿಡಬೇಡಿ. ಪೀಠಿಕೆಯಿಂದ ಮೊಕದ್ದಮೆ ಗೆದ್ದವರು ಕಡಿಮೆ.

ಕನ್ನಡದ ಪ್ರತಿಯ ಜೊತೆ ಇಂಗ್ಲಿಷ್ ಪ್ರತಿ ಇರಲಿ. ಒಪ್ಪಂದ ಮಾಡುವ ಅಧಿಕಾರ ಕೇಂದ್ರ ಸರ್ಕಾರದ್ದು, ಸಹಿಗೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಹಾಗಾಗಿ ಬೆಂಗಳೂರಿಗೆ ಮಾತ್ರ ಕೊಟ್ಟರೆ ಪ್ರಯೋಜನ ಕಡಿಮೆ. ಮಾತುಕತೆ ನಡೆಸುವುದು ವಾಣಿಜ್ಯ ಸಚಿವಾಲಯದ ವಾಣಿಜ್ಯ ಇಲಾಖೆ, ಮೂಲ ಪ್ರತಿ ಅಲ್ಲಿಗೆ. ದೃಶ್ಯ-ಶ್ರವ್ಯದ ನಿಲುವು ಕೊಡುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯ, ಟೆಲಿಕಾಂನದು ದೂರಸಂಪರ್ಕ ಇಲಾಖೆ. ಇಬ್ಬರಿಗೂ ಪ್ರತಿ ಹೋಗಬೇಕು, ಏಕೆಂದರೆ ಇವರಿಬ್ಬರ ನಡುವಿನ ಗೆರೆಯಲ್ಲೇ ನಿಮ್ಮ ಸಮಸ್ಯೆ ಇರುವುದು. ಸಂಸತ್ತಿನ ವಾಣಿಜ್ಯ ಸ್ಥಾಯಿ ಸಮಿತಿ ಮತ್ತು ಸಂವಹನ ಹಾಗೂ ಮಾಹಿತಿ ತಂತ್ರಜ್ಞಾನ ಸ್ಥಾಯಿ ಸಮಿತಿಗಳಿಗೆ ನಿಮ್ಮ ಸಂಸದರ ಮೂಲಕ ಕೊಡಿ. ಕಡೂರು ವಿಧಾನಸಭಾ ಕ್ಷೇತ್ರ ಹಾಸನ ಲೋಕಸಭೆಗೆ ಸೇರುತ್ತದೆ, ಜಿಲ್ಲೆಯ ಉಳಿದ ಭಾಗ ಉಡುಪಿ-ಚಿಕ್ಕಮಗಳೂರಿಗೆ. ತರೀಕೆರೆ, ಮೂಡಿಗೆರೆಯ ಆಪರೇಟರುಗಳೂ ಜೊತೆಗಿದ್ದರೆ ಇಬ್ಬರು ಸಂಸದರು ಸಿಗುತ್ತಾರೆ. ಸಮಯ ಮುಖ್ಯ: ಎರಡೂ ಕಡೆಯವರು ಬೇಡಿಕೆ ಮತ್ತು ಕೊಡುಗೆಗಳ ಪಟ್ಟಿ ವಿನಿಮಯ ಮಾಡಿಕೊಳ್ಳುವ ಮೊದಲು ತಲುಪಬೇಕು. ‘ಮಾತುಕತೆ ಮುಕ್ತಾಯ’ ಎಂದು ಪತ್ರಿಕೆಯಲ್ಲಿ ಬಂದ ಮೇಲೆ ನಡೆಯುವುದು ಕಾನೂನು ಪದಗಳ ತಿದ್ದುವಿಕೆ ಮಾತ್ರ, ಆಗ ಕೊಟ್ಟ ಮನವಿಗೆ ಸ್ವೀಕೃತಿ ಪತ್ರ ಬಿಟ್ಟು ಬೇರೇನೂ ಬರುವುದಿಲ್ಲ.

ಒಂದು ಮನೆಗೆಲಸ ಬಾಕಿಯಿದೆ. ಮನವಿ ಕೊಡುವ ಮೊದಲು ನಿಮ್ಮ ಚಾನೆಲ್ ‘ಪ್ಲಾಟ್‌ಫಾರ್ಮ್ ಸರ್ವಿಸ್’ (ಕೇಬಲ್ ಸಂಸ್ಥೆ ತಾನೇ ನಡೆಸುವ ಚಾನೆಲ್) ಆಗಿ ನೋಂದಣಿಯಾಗಿದೆಯೇ ನೋಡಿ. 2022ರ ನವೆಂಬರ್‌ನ ಮಾರ್ಗಸೂಚಿಯ ಪ್ರಕಾರ ಒಂದು ಚಾನೆಲ್‌ಗೆ ಒಂದೇ ಸಲ 1,000 ರೂಪಾಯಿ ಶುಲ್ಕ. ಇಂಥ ಚಾನೆಲ್‌ಗಳು ಒಟ್ಟು ಸಾಮರ್ಥ್ಯದ ಶೇ 5 ಮೀರುವಂತಿಲ್ಲ, ಸ್ಥಳೀಯ ವಿಷಯಕ್ಕೆಂದು ಜಿಲ್ಲಾ ಮಟ್ಟದಲ್ಲಿ ಹೆಚ್ಚುವರಿ ಎರಡಕ್ಕೆ ಅವಕಾಶವಿದೆ. ಪರದೆಯ ಮೇಲೆ ‘ಪ್ಲಾಟ್‌ಫಾರ್ಮ್ ಸರ್ವಿಸ್’ ಎಂದು ಕಾಣುತ್ತಿರಬೇಕು, ಕಾರ್ಯಕ್ರಮಗಳ ಮುದ್ರಿಕೆಯನ್ನು 90 ದಿನ ಇಟ್ಟಿರಬೇಕು. ಸ್ಥಳೀಯ ಸುದ್ದಿ ತೋರಿಸುವುದಾದರೆ ಕಂಪನಿಯಾಗಿ ನೋಂದಾಯಿಸಿಕೊಂಡಿರಲೇಬೇಕು, ಮಾಲೀಕತ್ವದ ಸಂಸ್ಥೆಯಾದರೆ ನಡೆಯದು. ನೋಂದಣಿಯಾದ ಮೇಲೆ ಅದರ ಪ್ರತಿಯನ್ನು ಮನವಿಗೆ ಲಗತ್ತಿಸಿ. ದಾಖಲೆಯಲ್ಲೇ ಇಲ್ಲದ ಚಾನೆಲ್‌ಗಾಗಿ ಯಾವ ಅಧಿಕಾರಿಯೂ ಒಪ್ಪಂದದಲ್ಲಿ ಸಾಲು ಕೇಳುವುದಿಲ್ಲ.